ಎಡಗೈಗೆ ಒಂದು ಪೆನ್ನು

ಟೈಲರಮ್ಮನ ಮನೆಯಲ್ಲಿ ಯಾರ ಮೈಮೇಲೂ ಇಡಿಯಾದ ಬಟ್ಟೆ ಇರುತ್ತಿರಲಿಲ್ಲ. ತಪ್ಪು ತಿಳಿಯಬೇಡಿ, ಎಲ್ಲರೂ ಮೈತುಂಬ ಉಡುತ್ತಿದ್ದರು. ಆದರೆ ಉಟ್ಟದ್ದೆಲ್ಲ ಗಿರಾಕಿಗಳು ಬೇಡವೆಂದು ಬಿಟ್ಟುಹೋದ ತುಂಡುಗಳಲ್ಲಿ ಹೊಲಿದದ್ದು. ಅಣ್ಣನ ಅಂಗಿಯ ಬೆನ್ನು ಒಂದು ಬಣ್ಣ, ತೋಳು ಇನ್ನೊಂದು. ಅತ್ತಿಗೆ ಆಸ್ಪತ್ರೆಯ ಕೆಲಸಕ್ಕೆ ಒಯ್ಯುವ ಕೈಚೀಲದಲ್ಲಿ ಬೀದಿಯ ಅರ್ಧ ಮನೆಗಳ ಪರದೆ ಸಂಸಾರ ಹೂಡಿತ್ತು. ಜೋಡಿಸಿ ಹೊಲಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಟೈಲರಮ್ಮನಿಗೆ ಸಾಕಷ್ಟಿತ್ತು. ಆ ಜಂಬದ ಅಡಿಯಲ್ಲಿ ಒಂದು ಕೊರಗೂ ಇತ್ತು. ಅಣ್ಣನ ಮಗಳಿಗೆ, ತನ್ನ ಹೊಲಿಗೆ ಯಂತ್ರದ ಕಾಲಬಳಿ ಆಡಿ ಬೆಳೆದ ಆ ಕೂಸಿಗೆ, ಅಂಗಡಿಯಿಂದ ಹೊಚ್ಚ ಹೊಸದಾಗಿ, ಇಡಿಯಾಗಿ ಒಂದು ವಸ್ತುವನ್ನು ಅವಳು ಎಂದೂ ಕೊಡಿಸಿರಲಿಲ್ಲ.

ಆ ಹುಡುಗಿಯನ್ನು ಮನೆಯಲ್ಲಿ ನೀಲಿ ಎಂದೇ ಕರೆಯುತ್ತಿದ್ದರು. ಎಡಗೈಯಲ್ಲಿ ಬರೆಯುವವಳು. ಅಕ್ಷರ ಮುಂದೆ ಹೋದಂತೆ ಅಂಗೈಯ ಅಂಚು ಹಿಂದಿನಿಂದ ಅದೇ ಹಸಿ ಶಾಯಿಯ ಮೇಲೆ ಜಾರಿಕೊಂಡು ಬರುತ್ತಿತ್ತು. ಸಂಜೆ ಶಾಲೆಯಿಂದ ಬಂದರೆ ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ನೀಲಿ, ತೋಳಿನ ತುದಿಯ ಪಟ್ಟಿಯೂ ನೀಲಿ. ಒಗೆದೊಗೆದು ಸುಸ್ತಾದ ಟೈಲರಮ್ಮ ಕೊನೆಗೆ ಒಂದು ಉಪಾಯ ಮಾಡಿದಳು. ಹುಡುಗಿಗೆ ಏನೇ ಹೊಲಿಯಲಿ, ಎಡತೋಳಿನ ಪಟ್ಟಿಯನ್ನು ಮಾತ್ರ ಕಡುನೀಲಿ ಬಟ್ಟೆಯಲ್ಲಿ ಹೊಲಿಯತೊಡಗಿದಳು. ಕಲೆ ಬಿದ್ದರೆ ಬೀಳಲಿ, ಕಾಣುವುದಿಲ್ಲವಲ್ಲ! ಕಾಲೇಜು ಸೇರಿ ಬಾಲ್‌ಪೆನ್ನು ಹಿಡಿದ ಮೇಲೆ ಹುಡುಗಿಯ ಕೈ ತಿಳಿಯಾಯಿತು. ಹೆಸರು ಉಳಿಯಿತು, ಪಟ್ಟಿಯೂ ಉಳಿಯಿತು.

ಅವಳು ಪದವಿ ಪಾಸಾದ ದಿನ ಮನೆಯೆಲ್ಲ ಹಿಗ್ಗಿ ಹೀರೇಕಾಯಿಯಾಯಿತು. ಲಾರಿ ರಿಪೇರಿ ಮಾಡುವ ಅಣ್ಣ ಗ್ರೀಸು ಮೆತ್ತಿದ ಕೈಯಲ್ಲೇ ಮಗಳ ಕೆನ್ನೆ ಹಿಡಿದ. ಆ ಮನೆತನದಲ್ಲಿ ಪದವಿಯ ಮುಖ ಕಂಡವಳು ಅವಳೊಬ್ಬಳೇ. ಎಲ್ಲರೂ ಘಟಿಕೋತ್ಸವಕ್ಕೆ ಏನು ಉಡಬೇಕೆಂದು ಮಾತಾಡುತ್ತಿದ್ದಾಗ ಅವಳು ತಟ್ಟೆ ನೋಡುತ್ತ ಹೇಳಿದಳು:

"ನಾನು ಹೋಗಲ್ಲ. ಸರ್ಟಿಫಿಕೇಟು ಅಂಚೇಲಿ ಕಳಿಸ್ತಾರೆ."

"ಯಾಕೇ? ಏನಾಯ್ತು ನಿಂಗೆ?" ಎಂದು ಅತ್ತಿಗೆ ಗದರಿದಳು.

ಟೈಲರಮ್ಮನಿಗೆ ಮಾತ್ರ ಕಾರಣ ಗೊತ್ತಿತ್ತು. ಆ ಕಾಲೇಜಿನಲ್ಲಿ ಒಂದು ಹಳೆಯ ಪದ್ಧತಿ. ವೇದಿಕೆ ಹತ್ತಿದವರು ಎಲ್ಲರೆದುರು ದೊಡ್ಡ ಪುಸ್ತಕದಲ್ಲಿ ತಾವೇ ತಂದ ಶಾಯಿ ಪೆನ್ನಿನಿಂದ ಸಹಿ ಮಾಡಿ, ಆಮೇಲೆ ಸರ್ಟಿಫಿಕೇಟು ತೆಗೆದುಕೊಳ್ಳಬೇಕು. ಶಾಲೆಯಲ್ಲಿದ್ದಾಗ ಒಮ್ಮೆ ನೀಲಿಗೆ ಬಹುಮಾನ ಬಂದಿತ್ತು. ಅಲ್ಲೂ ಇಂಥದೇ ಸಹಿ. ಬರೆದು ಕೈ ಎತ್ತುವಷ್ಟರಲ್ಲಿ ತನ್ನ ಹೆಸರಿನ ಜೊತೆಗೆ ಅದೇ ಸಾಲಿನಲ್ಲಿ ಹಿಂದೆ ಬರೆದ ಇಬ್ಬರ ಹೆಸರನ್ನೂ ಒರೆಸಿ ಹಾಕಿದ್ದಳು. ಬಹುಮಾನ ಕೊಡಲು ಬಂದವರು, "ಈ ಮಗು ಅಳಿಸೋದ್ರಲ್ಲೂ ಫಸ್ಟು!" ಎಂದರು. ತಮಾಷೆಗೇ ಅಂದದ್ದು, ಪಾಪ. ಆದರೆ ಸಭೆಗೆ ಸಭೆಯೇ ನಕ್ಕಿತು. ಅವತ್ತಿನಿಂದ ನಾಲ್ಕು ಜನರೆದುರು ನಿಂತರೆ ಸಾಕು, ಹುಡುಗಿಯ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

ಆ ಕೈ ಬೆನ್ನ ಹಿಂದಿನಿಂದ ಮುಂದೆ ಬರಬೇಕು. ಹುಡುಗಿ ವೇದಿಕೆ ಹತ್ತಬೇಕು. ಅದಕ್ಕೆ ಒಂದು ಒಳ್ಳೆಯ ಪೆನ್ನು ಬೇಕು, ಅದನ್ನು ಕೊಡಿಸುವವಳು ತಾನೇ. ಟೈಲರಮ್ಮ ತಟ್ಟೆ ಎತ್ತುವಷ್ಟರಲ್ಲಿ ಇಷ್ಟನ್ನೂ ನಿರ್ಧರಿಸಿಬಿಟ್ಟಿದ್ದಳು.

ಕಾಜಾ ಹೊಲಿದು, ಗುಂಡಿ ಹಚ್ಚಿ ಬಂದ ಚಿಲ್ಲರೆಯನ್ನೆಲ್ಲ ಅವಳು ಗುಂಡಿಗಳ ಡಬ್ಬಿಯಲ್ಲೇ ಹಾಕಿಡುತ್ತಿದ್ದಳು. ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಪೆನ್ನಿನ ಅಂಗಡಿಗೆ ಹೋದಳು. ಗಾಜಿನ ಕೆಳಗೆ ಮಖಮಲ್ಲಿನ ಮೇಲೆ ಮಲಗಿದ್ದ ಪೆನ್ನುಗಳನ್ನು ಕಂಡು ಗಂಟನ್ನು ಸೆರಗಿನಲ್ಲಿ ಮರೆಮಾಡಿದಳು.

"ಎಷ್ಟರೊಳಗೆ ನೋಡ್ಲಿ ಅಮ್ಮಾ?" ಎಂದು ಅಂಗಡಿಯವನು ಕೇಳಿದ.

ಟೈಲರಮ್ಮ ಗಂಟು ಬಿಚ್ಚಿ ಗಾಜಿನ ಮೇಲೆ ಸುರಿದಳು. ನಾಣ್ಯಗಳ ನಡುವೆ ಒಂದು ಕೋಟಿನ ಗುಂಡಿಯೂ ಉರುಳಿತು. "ಇದರೊಳಗೆ. ಆ ಗುಂಡಿ ಬಿಟ್ಟು."

ಅಂಗಡಿಯವನು ನಕ್ಕ, ಆದರೆ ಒಳ್ಳೆಯ ಮನುಷ್ಯ, ಮೂಗು ಮುರಿಯಲಿಲ್ಲ. ಮಖಮಲ್ಲಿನವನ್ನು ಬಿಟ್ಟು ಕೆಳಗಿನ ಸೆಳೆಖಾನೆಯಿಂದ ನಾಲ್ಕೈದು ಪೆನ್ನು ತೆಗೆದ. ಒಂದು ಕಾಗದ ಕೆರೆಯಿತು. ಇನ್ನೊಂದರ ಮುಚ್ಚಳ ಸಡಿಲ. ಎಲೆಹಸಿರು ಬಣ್ಣದ್ದೊಂದಿತ್ತು, ಬೆರಳಿಗೆ ಕೂರುವಂತೆ ಹಿಡಿಯುವ ಜಾಗದಲ್ಲಿ ಎರಡು ಕಡೆ ತಗ್ಗು ಮಾಡಿದ್ದು. ಶಾಯಿಗೆ ಅದ್ದಿ ಬರೆದರೆ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಶಾಯಿ ಧಾರಾಳವಾಗಿ ಇಳಿದು ಅಕ್ಷರ ಮಿರಮಿರ ಮಿಂಚಿತು. ಕತ್ತರಿ ಕೊಳ್ಳುವಾಗಲೂ ಟೈಲರಮ್ಮ ಹೀಗೆಯೇ, ನಾಲ್ಕು ಬಗೆಯ ಬಟ್ಟೆ ಕತ್ತರಿಸಿ ನೋಡದೆ ಕೊಂಡವಳಲ್ಲ. ಇಲ್ಲಿಯೂ ನಾಲ್ಕು ಬಗೆಯ ಕಾಗದದಲ್ಲಿ ಬರೆದು ನೋಡಿ, ಪರೀಕ್ಷೆಯಲ್ಲಿ ಯಾವ ಕೊರತೆಯನ್ನೂ ಮಾಡದೆ, ಹಸಿರು ಪೆನ್ನು ಕೊಂಡು ಗೆದ್ದವಳ ಹಾಗೆ ಮನೆಗೆ ಬಂದಳು.

ಮಾರನೆಯ ದಿನ ಘಟಿಕೋತ್ಸವದ ಉಡುಪು ಕತ್ತರಿಸಲು ಕೂತಳು. ಬಿಳಿ ಬಟ್ಟೆ. ಬೆನ್ನಾಯಿತು, ಎದೆಯಾಯಿತು, ಬಲತೋಳಾಯಿತು. ಎಡತೋಳಿಗೆ ಬರುತ್ತಲೇ, ವರ್ಷಗಳ ಅಭ್ಯಾಸವಲ್ಲವೆ, ಕೈ ತಾನಾಗಿ ಹೋಗಿ ತುಂಡುಗಳ ಬುಟ್ಟಿಯಿಂದ ಕಡುನೀಲಿ ಪಟ್ಟಿಯನ್ನು ಎತ್ತಿಕೊಂಡಿತು. ಕತ್ತರಿ ಅಲ್ಲೇ ನಿಂತಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಟೈಲರಮ್ಮ ಹಣೆ ಚಚ್ಚಿಕೊಂಡಳು. ನಾಲ್ಕು ಕಾಗದದಲ್ಲಿ ಬರೆದು ನೋಡಿದ್ದಳು ನಿಜ, ನಾಲ್ಕನ್ನೂ ಬಲಗೈಯಲ್ಲಿ!

ಪೆನ್ನು ತೆಗೆದು ಎಡಗೈಯಲ್ಲಿ ಹಿಡಿದಳು. ಬೆರಳಿನ ತಗ್ಗುಗಳೆಲ್ಲ ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ ಅಡ್ಡಾದಿಡ್ಡಿ. ಹಾಗೂ ಹೀಗೂ ಒಂದು ಸಾಲು ಗೀಚಿದಳು. ಮಿರಮಿರ ಮಿಂಚಿದ ಅದೇ ಧಾರಾಳದ ಶಾಯಿ ಈಗ ಅಂಗೈಯ ತುಂಬ ಹರಡಿಕೊಂಡಿತು. ವೇದಿಕೆಯ ಮೇಲೆ ಹುಡುಗಿಯ ಮಾನ ಕಳೆಯಲು ಇದಕ್ಕಿಂತ ಒಳ್ಳೆಯ ಪೆನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಅಂಗಡಿಗೆ ಓಡಿದಳು. "ಶಾಯಿಗೆ ಅದ್ದಿದ ಪೆನ್ನು ವಾಪಸ್ ತಗೊಳ್ಳೋ ಹಾಗಿಲ್ಲ ಅಮ್ಮಾ," ಎಂದ ಅಂಗಡಿಯವನು ಅವಳ ಮುಖ ನೋಡಲಾರದೆ ಮೆಟ್ಟಿಲ ಕಡೆ ಬೆರಳು ತೋರಿಸಿದ. "ಕೆಳಗೆ ಪೆನ್ನಿನ ಡಾಕ್ಟ್ರು ಕೂತಿದಾರೆ. ಒಂದ್ಸಲ ಕೇಳಿನೋಡಿ."

ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಬ್ಬ ಮುದುಕ ಕೂತಿದ್ದ. ಟೈಲರಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮುದುಕ ಪೆನ್ನನ್ನು ತಿರುಗಿಸಿ ನೋಡಿದ.

"ಪೆನ್ನು ತಪ್ಪಿಲ್ಲ, ಕೈನೂ ತಪ್ಪಿಲ್ಲ. ಇಬ್ರಿಗೂ ಹೊಂದಾಣಿಕೆ ಇಲ್ಲ, ಅಷ್ಟೆ. ಮನೆಗಳಲ್ಲಿ ಇರಲ್ವಾ ಹಾಗೆ?" ಎಂದ. "ಎಡಗೈನೋರೆಲ್ಲ ಒಂದೇ ಥರ ಹಿಡಿಯಲ್ಲ. ಕೆಲವರು ಸಾಲಿನ ಕೆಳಗಿಂದ ಬರೀತಾರೆ, ಕೆಲವರು ಕೈ ಮಡಚಿ ಮೇಲಿಂದ. ನಿಮ್ಮ ಹುಡುಗಿ ಹೆಂಗೆ?"

ಟೈಲರಮ್ಮ ಕಣ್ಣು ಮುಚ್ಚಿದಳು. ಹುಡುಗಿ ಬರೆಯುವುದು ನೆನಪಿಗೆ ಬರಲಿಲ್ಲ. ಒಗೆದ ಪಟ್ಟಿಗಳು ನೆನಪಿಗೆ ಬಂದವು. "ಕಲೆ ಕಿರುಬೆರಳಿನ ಪಕ್ಕ, ಪಟ್ಟಿ ಹೊರಗಡೆ. ಒಳಗಡೆ ಯಾವತ್ತೂ ಇಲ್ಲ."

"ಅಂದ್ರೆ ಕೈ ಸಾಲಿನ ಮೇಲೇ ಕೂರುತ್ತೆ." ಮುದುಕ ಖುಷಿಯಾದ. "ಸಣ್ಣ ನಿಬ್ಬು ಹಾಕ್ಬೇಕು. ಶಾಯಿ ಕೆಳಗಿಳಿಸೋ ನಾಲಿಗೇನ ಬಿಗಿ ಮಾಡ್ಬೇಕು, ಕೈ ಬರೋಷ್ಟರಲ್ಲಿ ಬರೆದದ್ದು ಒಣಗಿರುತ್ತೆ. ಹಿಡಿಯೋ ಭಾಗ ಮಾತ್ರ ಬೇರೇದೇ ಹಾಕ್ಬೇಕು, ತಗ್ಗಿಲ್ಲದ್ದು. ನನ್ನ ಹತ್ರ ಹಳೇ ಪೆನ್ನಿಂದು ಒಂದಿದೆ. ಬಣ್ಣ ಹೊಂದಲ್ಲ, ಕೆಂಪು."

ಟೈಲರಮ್ಮ ಪೆನ್ನನ್ನೇ ನೋಡಿದಳು. ಹಸಿರು ಪೆನ್ನಿಗೆ ಕೆಂಪು ಮೂತಿ! ಜನ್ಮದಲ್ಲಿ ಒಂದೇ ಒಂದು ಸಲ ಇಡಿಯಾದದ್ದು ಕೊಡಿಸಲು ಹೊರಟರೆ ಅದೂ ತೇಪೆಯೇ ಆಗಬೇಕೆ? ಆದರೆ ಬೆನ್ನ ಹಿಂದೆ ಬಚ್ಚಿಟ್ಟ ಆ ಕೈ ಕಣ್ಣೆದುರು ಬಂತು, ಅವಳು ಮೂಗೊರೆಸಿಕೊಂಡಳು.

"ಹಾಕಿ. ನನ್ನ ಡಬ್ಬಿ ಖಾಲಿ, ದುಡ್ಡಿಲ್ಲ. ನಿಮ್ಮ ಅಂಗಿ ಜೇಬು ಹರಿದು ಜೋಲಾಡ್ತಿದೆ. ಎರಡು ಪದರ ಹಾಕಿ, ಪೆನ್ನಿಗೊಂದೊಂದು ಖಾನೆ ಮಾಡಿ ಹೊಲಿದುಕೊಡ್ತೀನಿ. ಆಗುತ್ತಾ?"

ಮುದುಕ ತನ್ನ ಜೇಬನ್ನು ಹೊಸದಾಗಿ ಕಂಡವನಂತೆ ನೋಡಿದ. "ಎರಡು ಅಂಗಿಗೆ?"

"ಎರಡಕ್ಕೂ. ಸತಾಯಿಸಬೇಡಿ, ಶುರು ಮಾಡಿ."

ಅಲ್ಲೇ ಪಕ್ಕದ ಮೆಟ್ಟಿಲ ಮೇಲೆ ಕೂತು, ಮುದುಕ ನಿಬ್ಬು ತಿಕ್ಕುವುದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಪ್ರತಿ ಸಲವೂ ಎಡಗೈಯಲ್ಲೇ ಬರೆದಳು. ಅವಳ ಅಕ್ಷರ ಕೋಳಿ ಕೆದರಿದ ಹಾಗಿತ್ತು, ಆದರೆ ಅಂಗೈಯ ಕಲೆ ಸಲದಿಂದ ಸಲಕ್ಕೆ ತೆಳುವಾಗುತ್ತ ಬಂತು. ಕೊನೆಯ ಸಲ ಕೈ ಎತ್ತಿ ನೋಡಿದರೆ ಏನೂ ಇರಲಿಲ್ಲ. ಮನೆಗೆ ಬಂದವಳೇ ಕಡುನೀಲಿ ಪಟ್ಟಿಯನ್ನು ಬುಟ್ಟಿಗೆ ಎಸೆದು, ಎಡತೋಳಿಗೂ ಬಿಳಿಯ ಪಟ್ಟಿಯನ್ನೇ ಹೊಲಿದಳು.

ಪೆನ್ನನ್ನು ನೀಲಿಯ ಕೈಗಿಡುವಾಗ ಮಾತ್ರ ನಾಚಿಕೆಯಿಂದ ಹಿಡಿಯಾದಳು. "ಹೊಸದೇ ಕಣೇ. ಅರ್ಧ ಹೊಸದು. ಈ ಕೆಂಪು ಮಾತ್ರ…"

ಹುಡುಗಿ ಪೆನ್ನನ್ನು ಎಡಗೈಯಲ್ಲಿ ಹಿಡಿದಳು. ಬೆರಳು ತಾವಾಗಿ ಕೂತವು. ಒಂದು ಸಹಿ ಮಾಡಿ ಅಂಗೈ ತಿರುಗಿಸಿದಳು. ಇನ್ನೊಂದು ಮಾಡಿದಳು. ಹಾಳೆ ತುಂಬ ಮಾಡಿದಳು. ಆಮೇಲೆ ಕೆಂಪು ಹಸಿರು ಸೇರುವ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಸವರಿ, ನಕ್ಕಳು.

"ಅತ್ತೆ, ಅಂಗಡಿ ಪೆನ್ನು ಯಾರ ಹತ್ರ ಬೇಕಾದ್ರೂ ಇರುತ್ತೆ. ಇದು ನೀನು ಹೊಲಿದಿರೋ ಹಾಗಿದೆ. ನಂದೇ ಅಳತೆಗೆ."

ಟೈಲರಮ್ಮ ಉಡುಪು ತಂದು ಅವಳ ಮಡಿಲಿಗೆ ಹಾಕಿದಳು. ಎಡಪಟ್ಟಿ ನೋಡಿದ ಹುಡುಗಿ ಗಾಬರಿಯಾದಳು. "ಬಿಳಿ ಇಟ್ಟಿದೀಯ! ಅತ್ತೆ, ಅಲ್ಲಿ ಕೈ ನಡುಗಿ ಏನಾದ್ರೂ ಆದ್ರೆ?"

"ಆದ್ರೆ ಒಗೀತೀನಿ. ನಂಗೇನು ಹೊಸದಾ? ನೀನು ಮೊದಲು ಮೆಟ್ಟಿಲು ಹತ್ತು."

ಸಭಾಂಗಣದ ಕೊನೆಯ ಸಾಲಿನಲ್ಲಿ ಅಣ್ಣ, ಅತ್ತಿಗೆ, ನಡುವೆ ಟೈಲರಮ್ಮ. ನೀಲಿಯನ್ನು ಕರೆದಾಗ ಟೈಲರಮ್ಮ ಅತ್ತಿಗೆಯ ಕೈಚೀಲವನ್ನು ಬಿಗಿಯಾಗಿ ಹಿಡಿದಳು. ಹುಡುಗಿ ಕರಿಯ ನಿಲುವಂಗಿಯ ತೋಳನ್ನು ಮೊಣಕೈವರೆಗೆ ಸರಿಸಿ, ಬಾಗಿ, ಕೆಂಪು ಮೂತಿಯ ಪೆನ್ನಿನಿಂದ ಎಡಗೈಯಲ್ಲಿ ಬರೆಯತೊಡಗಿದಳು. ಮೇಜಿನ ಪಕ್ಕದವರು ಶಾಯಿ ಹೀರುವ ಕಾಗದ ಮುಂದೆ ಹಿಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಸರ್ಟಿಫಿಕೇಟನ್ನು ಬಲಗೈಯಲ್ಲಿ ತೆಗೆದುಕೊಂಡು ಸಭೆಯ ಕಡೆ ತಿರುಗಿದಳು. ಎಡಗೈ ಬೆನ್ನ ಹಿಂದೆ ಹೋಗಲಿಲ್ಲ. ಮೇಲೆ ಹೋಯಿತು, ಕೊನೆಯ ಸಾಲಿಗೆ ಕಾಣುವಷ್ಟು ಮೇಲೆ, ಅಂಗೈ ಬಿಚ್ಚಿಕೊಂಡು. ಅಂಗೈಯ ಅಂಚು ಸ್ವಚ್ಛ, ಪಟ್ಟಿ ಹಾಲಿನಷ್ಟು ಬಿಳಿ.

ಟೈಲರಮ್ಮನಿಗೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಎದ್ದು ನಿಂತು, ಬೀದಿಗೆಲ್ಲ ಕೇಳುವ ಗಂಟಲಿನಲ್ಲಿ ಕೂಗಿದಳು:

"ನೋಡ್ರೋ! ಒಂದು ಚೂರೂ ಕಲೆಯಿಲ್ಲ!"

ಸಭೆಗೆ ಸಭೆಯೇ ತಿರುಗಿ ನೋಡಿ ನಕ್ಕಿತು. ವೇದಿಕೆಯ ಮೇಲೆ ನೀಲಿ ಎಲ್ಲರಿಗಿಂತ ಜೋರಾಗಿ ನಕ್ಕಳು, ಎತ್ತಿದ ಕೈಯನ್ನು ಇಳಿಸಲಿಲ್ಲ.