ಅತ್ತಿಗೆ ಕೊಟ್ಟ ನಂಬರು

ಅರ್ಜಿ ಕಳಿಸಿ ವಾರದ ಮೇಲಾಯಿತು, ಕ್ಲಿನಿಕ್ಕಿನಿಂದ ಫೋನಿಲ್ಲ. ಕೆಲಸ ಬೇಕಾಗಿರುವುದು ಅತ್ತಿಗೆಗೆ, ನನ್ನ ಗಂಡನ ಅಕ್ಕನಿಗೆ, ನಿದ್ದೆಗೆಟ್ಟವಳು ನಾನು. ರೆಸ್ಯೂಮೆ ಬರೆದುಕೊಟ್ಟವಳು ನಾನೇ ತಾನೆ? ಅಕ್ಷರ ಸಣ್ಣದಾಯಿತೇ, ವಯಸ್ಸು ಹಾಕಬಾರದಿತ್ತೇ ಎಂದು ಮಗುವಿಗೆ ತುತ್ತು ಕೊಡುವಾಗಲೂ ಅದೇ ಕೊರೆತ.

ಅತ್ತಿಗೆ ಮದುವೆಗೂ ಮುಂಚಿನಿಂದ ಒಂದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆ, ಕಿವಿಗೆ ಹೆಡ್‌ಫೋನು. ಈಗ ಆಸ್ಪತ್ರೆಯೇ ಮುಚ್ಚಿದೆ. ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸ ಸಿಗದಿದ್ದರೆ ಅವರ ಮಗಳು ನರ್ಸಿಂಗ್ ಓದನ್ನು ಅರ್ಧಕ್ಕೇ ಬಿಡಬೇಕು.

ಅವತ್ತು ಲ್ಯಾಪ್‌ಟಾಪ್ ತೆರೆದು ಕೇಳಿದ್ದೆ, "ಅಲ್ಲಿ ಏನೇನು ಮಾಡ್ತಿದ್ರಿ ಅತ್ತಿಗೆ?"

"ಫೋನ್ ಎತ್ತೋದು, ಇಡೋದು. ಇನ್ನೇನು ಕಡಿದು ಕಟ್ಟೆ ಹಾಕ್ತಿದ್ನಾ?"

'ಉತ್ತಮ ಸಂವಹನ ಕೌಶಲ್ಯ, ಒತ್ತಡದಲ್ಲೂ ದುಡಿಯುವ ಸಾಮರ್ಥ್ಯ' ಎಂದು ಟೈಪ್ ಮಾಡಿ ಓದಿದೆ. ಅವರು ನಕ್ಕುಬಿಟ್ಟರು. "ಯಾರೇ ಇವಳು? ನನಗೂ ಪರಿಚಯ ಮಾಡಿಸು."

"ಹಾಗಾದ್ರೆ ನೀವೇ ಹೇಳಿ. ಯಾವುದಾದ್ರೂ ಒಂದು ದಿನದ್ದು."

ನನ್ನ ಮಗುವಿಗೆ ಸ್ನಾನ ಮಾಡಿಸುತ್ತಲೇ ಹೇಳಿದರು. ಒಂದು ಬೆಳಿಗ್ಗೆ ಪುಟ್ಟ ಹುಡುಗಿಯ ಫೋನ್. ಅಮ್ಮ ಬಿದ್ದಿದ್ದಾಳೆ, ಏಳುತ್ತಿಲ್ಲ. ವಿಳಾಸ ಗೊತ್ತಿಲ್ಲ.

"'ಕಿಟಕೀಲಿ ಏನು ಕಾಣತ್ತೆ ಕಂದಾ?' ಅಂದೆ. ನೀರಿನ ಟ್ಯಾಂಕು, ಮೇಲೆ ನೀಲಿ ಮೀನಿನ ಚಿತ್ರ ಅಂತು. ಇನ್ನೊಂದು ಲೈನಲ್ಲಿ ಆಂಬುಲೆನ್ಸಿನವನಿಗೆ ಹೇಳ್ತಾ ಹೋದೆ. ಮಗು ಹೆದರ್ಕೊಂಡು ಫೋನ್ ಇಟ್ಬಿಡಬಾರದಲ್ಲ, ಮೀನಿಗೆ ಹೆಸರಿಡು ಅಂದೆ. ಒಂದಿಡತ್ತೆ, ಬೇಡ ಅನ್ನತ್ತೆ, ಇನ್ನೊಂದಿಡತ್ತೆ. ಕೊನೆಗೆ ಅದರ ಫೋನಲ್ಲೇ ನನಗೆ ಸೈರನ್ ಕೇಳಿಸ್ತು."

"ತಾಯಿ?"

"ಉಳ್ಕೊಂಡ್ಲು. ಟವೆಲ್ ಕೊಡು."

ಸೋಪಿನ ನೊರೆ ಮೆತ್ತಿದ ಆ ಕೈಗಳನ್ನೇ ನೋಡುತ್ತ ಕೂತೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಇದು! ಬರೆದದ್ದನ್ನೆಲ್ಲ ಅಳಿಸಿ, ನಡೆದದ್ದನ್ನು ನಡೆದಂತೆ ನಾಲ್ಕು ಸಾಲಿನಲ್ಲಿ ಬರೆದೆ.

"ಅದನ್ನೆಲ್ಲ ಬರೀತಾರೇನೇ? ಡ್ಯೂಟಿ ಅಲ್ವಾ" ಎಂದು ಗೊಣಗಿದರು. ನನ್ನ ಫೋನಿನಲ್ಲಿ ಅವರು ಬರೀ 'ಅತ್ತಿಗೆ'. ನಂಬರು ನನಗೆ ಬಾಯಿಪಾಠವಿಲ್ಲ. ಕೇಳಿದೆ. ಒಂದೇ ಉಸಿರಿಗೆ ಹೇಳಿದರು, ಹಾಕಿ ಕಳಿಸಿದೆ.

ಇವತ್ತು ತಡೆಯಲಾರದೆ ಆ ರೆಸ್ಯೂಮೆಯನ್ನು ಮತ್ತೆ ತೆಗೆದೆ. ನಂಬರಿನ ಮೇಲೆ ಕಣ್ಣು ನಿಂತಿತು. ಮೊಬೈಲಿನದಲ್ಲ. ಗಟ್ಟಿಯಾಗಿ ಓದಿದೆ.

"ಅಯ್ಯೋ, ಅದು ನಮ್ಮ ಆಸ್ಪತ್ರೆ ಬೋರ್ಡಿಂದು ಕಣೇ!" ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಕ್ಲಿನಿಕ್ಕಿನವರು ಫೋನ್ ಮಾಡಿದ್ದರೂ, ಬೀಗ ಬಿದ್ದ ಕಟ್ಟಡಕ್ಕೆ ಮಾಡಿರುತ್ತಾರೆ.

"ಈಗ್ಲೇ ಅವರಿಗೆ ಫೋನ್ ಮಾಡಿ ಅತ್ತಿಗೆ."

"ನಾನಾ? ಊರಿಗೆಲ್ಲ ಲೈನ್ ಕೊಟ್ಟಿದ್ದೀನಿ ನಿಜ. ನನಗೆ ಅಂತ ಕೇಳೋಕೆ ಬಾಯೇ ಬರಲ್ಲ ಕಣೇ."

ಗುರುತಿಲ್ಲದವರ ಜೊತೆ ಮಾತೆಂದರೆ ನಾನೂ ಹಿಂಜರಿಯುವವಳೇ. ಆದರೆ ಇಂಥವರಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ? ಮಗುವನ್ನು ಅವರ ತೊಡೆಗೆ ಹಾಕಿ ಫೋನ್ ಒತ್ತಿದೆ.

"ನಮಸ್ಕಾರ. ನಿಮ್ಮಲ್ಲಿರೋ ಒಂದು ಅರ್ಜೀಲಿ ನಂಬರ್ ತಪ್ಪಿದೆ. ಇಲ್ಲ, ನನ್ನದಲ್ಲ, ನಮ್ಮ ಅತ್ತಿಗೆದು... ಹೌದಾ? ಇನ್ನೂ ಖಾಲಿ ಇದೆಯಾ? ಪಕ್ಕದಲ್ಲೇ ಇದ್ದಾರೆ. ಇರಿ, ಕೊಡ್ತೀನಿ."