ಕತ್ತಿನ ಮಟ್ಟದ ಬೆಳಕು

ಬೊಮ್ಮಸಂದ್ರದಲ್ಲಿ ಪಿಕಪ್‌ಗಳ ಹೆಡ್‌ಲೈಟಿನ ಹಳದಿ ಹ್ಯಾಲೊಜನ್ ಬಲ್ಬು ಬಿಚ್ಚಿ ಬೆಳ್ಳನೆಯ ಎಚ್‌ಐಡಿ ಪ್ರೊಜೆಕ್ಟರ್ ಕೂರಿಸುವ ತಿಮ್ಮರಾಯಪ್ಪನಂಥ ಹಟಮಾರಿ ಇನ್ನೊಬ್ಬನಿಲ್ಲ. "ಲೈಟು ಇನ್ನೊಂಚೂರು ಮೇಲಕ್ಕೆತ್ತು ಗುರು" ಎಂದರೆ ಸ್ಕ್ರೂಡ್ರೈವರ್ ಎಸೆದು ಬೀಡಿ ಹಚ್ಚುತ್ತಾನೆ. ಮೊದಲು ಹೆಂಡತಿ ರಾಮಕ್ಕ ಎದುರಿನ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಬೆಳಕು ಅವಳ ಕತ್ತು ದಾಟದಿದ್ದರೆ ಲೆವೆಲ್ ಸರಿ. ಒಮ್ಮೆ ಮಾತ್ರ ಗಿರಾಕಿಯೊಬ್ಬನ ಕಾಟ ತಾಳದೆ ಮೇಲೆತ್ತಿಕೊಟ್ಟ. ಅದೇ ವಾರ ಆ ಬೆಳಕು ಕಣ್ಣಿಗೆ ಹೊಡೆದು, ರಸ್ತೆ ದಾಟುತ್ತಿದ್ದ ರಾಮಕ್ಕ ಅದೇ ಗಾಡಿಗೆ ಸಿಕ್ಕಿ ಸತ್ತಳು. ಈಗಲೂ ಮುಸ್ಸಂಜೆಗೆ ಸ್ಕ್ರೂ ತಿರುಗಿಸುತ್ತ ಖಾಲಿ ಗೋಡೆಯನ್ನು ಕೇಳುತ್ತಾನೆ: "ಕಣ್ಗೆ ಒಡೀತದೇನಮ್ಮೀ?" ನನ್ನ ಗಾಡಿ ನಿಲ್ಲಿಸಿದಾಗಲೂ ಕೇಳಿದ. ಒಂದು ಗಳಿಗೆ ಕಾದು, "ಸರಿಯಂತೆ ಸಾರ್, ತಗೊಂಡೋಗಿ" ಎಂದ. ನಾನು ತಿರುಗಿ ನೋಡಿದೆ. ಬೆಳಕಿಗೆ ಅಡ್ಡ ಯಾರೂ ನಿಂತಿರಲಿಲ್ಲ. ಗೋಡೆಯ ಮೇಲಿನ ಬೆಳಕಿನಲ್ಲಿ ಹೆಂಗಸೊಬ್ಬಳ ನೆರಳಿತ್ತು, ಕತ್ತಿನವರೆಗೆ ಮಾತ್ರ.