ಮುಂಬಯಿಗೆ ಹೊರಟ ದಿನ

ನಾನು ಮದುವೆಗೆ ಒಪ್ಪಿದ್ದು ಗಂಡನನ್ನು ನೋಡಿ ಅಲ್ಲ, ಮುಂಬಯಿಯನ್ನು ನೆನೆದು. ಗಂಡನ ಅಣ್ಣ, ನನ್ನ ಭಾವ, ಅಲ್ಲಿಯ ಗಿರಣಿಯಲ್ಲಿದ್ದರು. ಇವತ್ತಲ್ಲ ನಾಳೆ ತಮ್ಮನನ್ನೂ ಕರೆಸಿಕೊಳ್ಳುತ್ತಾರೆ ಎಂದು ಹೆಣ್ಣು ನೋಡಲು ಬಂದವರೇ ಹೇಳಿದ್ದರು. ನಳ ತಿರುಗಿಸಿದರೆ ನೀರು ಬರುವ ಊರು! ನಾನು ಬಂದು ಸೇರಿದ್ದು ಅಘನಾಶಿನಿ ಹೊಳೆಯ ಉಪ್ಪುನೀರು ಸುತ್ತುವರಿದ ಊರನ್ನು. ಬೇಸಿಗೆಯಲ್ಲಿ ಕುಡಿಯುವ ನೀರೂ ದೋಣಿಯಲ್ಲಿ ಬರಬೇಕು.

ಇವರೋ, ಆಗ ಮಹಾ ಸೋಮಾರಿ. ಬಿಸಿಲು ಮುಖಕ್ಕೆ ಬಿದ್ದರೂ ಮಗ್ಗುಲು ಬದಲಿಸಿ ಮಲಗುವವರು. ಹಿನ್ನೀರಿನ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಊರವರೆಲ್ಲ ಸೇರಿ ಒಡ್ಡು ಕಟ್ಟಿದ್ದರು, ಒಡ್ಡಿಗೊಂದು ಬಾಗಿಲು. ಇಳಿತದಲ್ಲಿ ಹಲಗೆ ತೆಗೆದು ಮಳೆನೀರು ಹೊರಗೆ ಬಿಡಬೇಕು, ಉಬ್ಬರ ಬರುವ ಮೊದಲು ಹಲಗೆ ಹಾಕಬೇಕು. ಮಾವ ತೀರಿಕೊಂಡ ಮೇಲೆ ಆ ಕೆಲಸ ಇವರ ಪಾಲಿಗೆ ಬಂತು. ಮೊದಲ ಮಳೆಗಾಲದಲ್ಲೇ ನಿದ್ದೆ ಮಾಡಿಬಿಟ್ಟರು. ಉಪ್ಪುನೀರು ನುಗ್ಗಿ ಊರಿನ ಎಳೆಪೈರೆಲ್ಲ ಹೋಯಿತು.

ಬೈಯಲು ಯಾರೂ ಬರಲಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಅಂಗಳಕ್ಕೆ ಬಂದು, "ಊಟ ಆತಾ ತಮಾ?" ಎಂದು ಕೇಳಿ ಹೋದರು. ಆ ದಿನ ಇವರು ಊಟಕ್ಕೆ ಕೂರಲೇ ಇಲ್ಲ.

ಅಲ್ಲಿಂದ ಮುಂದೆ ಎಲ್ಲಕ್ಕೂ ಉಬ್ಬರ ಇಳಿತದ ಲೆಕ್ಕ. ಊಟ, ಪೇಟೆ, ಕೊನೆಗೆ ನನ್ನ ತಂಗಿಯ ಮದುವೆಗೆ ಹೊರಡುವುದು ಕೂಡ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಆ ಹಲಗೆಗೇ ತಾಳಿ ಕಟ್ಬೇಕಾಗಿತ್ತು ನೀವು," ಎನ್ನುತ್ತಿದ್ದೆ. ನಕ್ಕು ಒಡ್ಡಿನ ಕಡೆ ನಡೆಯುತ್ತಿದ್ದರು. ಆ ನಗು ನನಗೆ ಇಷ್ಟವಾಗುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ.

ಅರವತ್ತರ ದಶಕ ಅರ್ಧ ಕಳೆದಿರಬೇಕು, ಭಾವ ಇವರಿಗೆ ಕೆಲಸ ಗೊತ್ತುಮಾಡಿಕೊಂಡೇ ಊರಿಗೆ ಬಂದರು. ಬೇಡ ಎನ್ನುತ್ತಾರೆಂದು ನಾನು ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದೆ. ಇವರು ನನ್ನ ಮುಖ ನೋಡಿ, "ಆತು, ಹೋಪ. ನೀ ಎಷ್ಟು ವರ್ಷ ಅಂತ ಕಾಯುದು?" ಎಂದರು. ಹಲಗೆಯ ಕೆಲಸವನ್ನು ನೆರೆಯವರಿಗೆ ಒಪ್ಪಿಸಿದರು.

ಕುಮಟೆಯ ಬಸ್ಸು ಹಿಡಿಯಲು ಟ್ರಂಕು ಹೇರಿಕೊಂಡು ದೋಣಿ ಹತ್ತಿದೆವು. ಭಾವ ಮುಂಬಯಿಯಲ್ಲಿ ತಾವಿದ್ದ ಚಾಳಿನ ಕತೆ ಹೇಳುತ್ತಿದ್ದರು. ಇವರು ಒಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ನನಗೋಸ್ಕರವೇ ನೋಡುತ್ತಿಲ್ಲ ಎಂದು ಗೊತ್ತಾಗಿ ಸಂಕಟವಾಯಿತು. ನೀರು ಏರುತ್ತಿತ್ತು. ಬಾಗಿಲ ಹತ್ತಿರ ಒಂದು ನರಪಿಳ್ಳೆಯೂ ಕಾಣಲಿಲ್ಲ.

"ಹೋಯ್, ಇವತ್ತು ಹುಣ್ಣಿಮೆಯ ದೊಡ್ಡ ಉಬ್ಬರ ಅಲ್ದಾ? ಹಲಗೆ ಇನ್ನೂ ಯಾರೂ ಹಾಕ್ಲಿಲ್ಲ!"

ಕೂಗಿದವಳು ನಾನು. ಇವರು ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನು ನೋಡಿದರು.

"ದೋಣಿ ತಿರ್ಗ್ಸು ಮಾರಾಯ," ಎಂದು ಅಂಬಿಗನಿಗೆ ಹೇಳಿದವಳೂ ನಾನೇ.

ದಡ ಮುಟ್ಟುವ ಮೊದಲೇ ಇಬ್ಬರೂ ಕೆಸರಿಗಿಳಿದು ಓಡಿದೆವು. ಹಲಗೆಯ ಒಂದು ತುದಿಯನ್ನು ಇವರು ಹಿಡಿದರು, ಇನ್ನೊಂದನ್ನು ನಾನು. ಕುಮಟೆಯ ಬಸ್ಸಿಗೆ ಭಾವ ಒಬ್ಬರೇ ಹೋದರು.